ಕಂಬಳಿ ತೆಗೆದ ಮಧ್ಯಾಹ್ನ

ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಆಶಾ ಅಕ್ಕ ನನ್ನ ಮುಖ ನೋಡಿ, "ನೀವು ಯಾರ ಮನೆಯವ್ರು?" ಎಂದು ಕೇಳಿದರು.

ನಾನು ನಕ್ಕುಬಿಟ್ಟೆ. ಅಕ್ಕ ಆಗಾಗ ಹೀಗೆ ಕಾಲೆಳೆಯುವವರೇ. ಬೆಳಿಗ್ಗೆ ಗುಡ್ಡ ಹತ್ತುವಾಗ ನಾನು ಏದುಸಿರು ಬಿಡುತ್ತ ನಿಂತಿದ್ದನ್ನು ಕಂಡು, "ನಮ್ ಸಾರ್ ಸಾಗರದ ಪ್ಯಾಟೆಯವ್ರು, ಬಸ್ಸಿಗೆ ಕಾಯ್ತಾ ಇದಾರೆ" ಎಂದು ಕೀಟನಾಶಕದ ಪುಡಿ ಹೊಡೆಯಲು ಬಂದಿದ್ದವರ ಮುಂದೆ ಆಡಿಕೊಂಡಿದ್ದರು. ಹಾಗಾಗಿ ಗೋಡೆಗೆ ಒರಗಿಕೊಂಡೇ "ನಿಮ್ಮನೆಯವನೇ ಅಕ್ಕ" ಎಂದೆ. ಅವರು ನಗಲಿಲ್ಲ. ಕಣ್ಣು ನನ್ನ ಮೇಲಿತ್ತು, ಆದರೆ ಅವರು ನೋಡುತ್ತಿದ್ದುದು ನನ್ನನ್ನಲ್ಲ. ಕೈಯಲ್ಲಿದ್ದ ಎಣ್ಣೆ ಬಾಟಲಿಯ ಬಾಯನ್ನು ಬೆರಳಿನಿಂದ ತಿರುಗಿಸುತ್ತಲೇ ಇದ್ದರು. ಮುಚ್ಚಳ ಆಗಲೇ ಬಿಚ್ಚಿಕೊಂಡು ನೆಲಕ್ಕೆ ಬಿದ್ದಿತ್ತು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಕಡೆಯ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹುದ್ದೆಯ ಹೆಸರು ದೊಡ್ಡದು, ಓದಿದ್ದು ನರ್ಸಿಂಗ್. ಅಕ್ಕ ಅದೇ ಊರುಗಳ ಆಶಾ ಕಾರ್ಯಕರ್ತೆ. ಯಾರ ಮನೆಯ ಬಸುರಿ ತವರಿಗೆ ಹೋಗಿದ್ದಾಳೆ, ಯಾರು ಬಿಪಿ ಮಾತ್ರೆ ನಿಲ್ಲಿಸಿದ್ದಾರೆ, ಯಾರ ಮನೆಯ ನಾಯಿ ಬೊಗಳದೆ ಕಚ್ಚುತ್ತದೆ, ಇದೆಲ್ಲ ಅವರಿಗೆ ಗೊತ್ತು. ಬೇರೆಯವರ ಎದುರು ನಾನು 'ಸಾರ್'. ಇಬ್ಬರೇ ಇದ್ದರೆ 'ತಮಾ'. ಮಧ್ಯಾಹ್ನದ ಊಟಕ್ಕೆ ನಾನು ಬ್ರೆಡ್ ತಿನ್ನುವುದನ್ನು ಒಮ್ಮೆ ನೋಡಿದ ಮೇಲೆ ಅವರ ಚೀಲದಲ್ಲಿ ಯಾವಾಗಲೂ ಎರಡು ಡಬ್ಬಿ ಇರುತ್ತಿದ್ದವು.

ಆ ದಿನದ ಹಿಂದಿನ ವಾರ ನಾವು ಹೋಗಿದ್ದ ಊರಿನ ಮೇಲಿನ ಕಾಡಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ನಮ್ಮ ಕಡೆ ಇಷ್ಟು ಹೇಳಿದರೆ ಸಾಕು, ಎಲ್ಲರ ಮುಖ ಬದಲಾಗುತ್ತದೆ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಸತ್ತ ಮಂಗನ ಮೈಯಿಂದ ಉಣುಗು ತರಗೆಲೆಗೆ ಉದುರುತ್ತದೆ, ಅಲ್ಲಿಂದ ಆ ಒಣ ಎಲೆ, ಅಂದರೆ ದರಕು, ಗುಡಿಸಲು ಹೋದವರ ಕಾಲಿಗೆ ಹತ್ತುತ್ತದೆ. ಬೇಸಿಗೆಯೇ ಅದರ ಕಾಲ. ಮಂಗ ಸತ್ತಿತೆಂದರೆ ಮಾಡಬೇಕಾದ ಕೆಲಸಕ್ಕೆ ಒಂದು ಕ್ರಮವಿದೆ. ಜಾಗ ಗುರುತಿಸಿ ಸುತ್ತ ಕೀಟನಾಶಕದ ಪುಡಿ ಹೊಡೆಸಬೇಕು, ಹತ್ತಿರದ ಮನೆಗಳಿಗೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚಬೇಕು, ಜ್ವರ ಇದ್ದವರ ರಕ್ತದ ಮಾದರಿ ತೆಗೆದು ಐಸ್ ಪ್ಯಾಕ್ ಇರುವ ಪೆಟ್ಟಿಗೆಯಲ್ಲಿ ಕಳಿಸಬೇಕು.

ಕಾಡಿಗೆ ಕಾಲಿಡುವ ಮೊದಲು ನಾವೂ ತಯಾರಾಗಬೇಕು. ಕೈಕಾಲು ಕುತ್ತಿಗೆಗೆಲ್ಲ ಎಣ್ಣೆ. ತುಂಬು ತೋಳಿನ ದಪ್ಪ ಅಂಗಿ. ಪ್ಯಾಂಟಿನ ಅಂಚು ಕಾಲುಚೀಲದ ಒಳಗೆ, ಅದರ ಮೇಲೆ ಮೊಣಕಾಲಿನ ತನಕ ಬರುವ ರಬ್ಬರ್ ಬೂಟು. ತಲೆಗೆ, ಕಿವಿಗೆ ಬಟ್ಟೆ. ಅಕ್ಕ ಚೂಡಿದಾರದ ಮೇಲೆ ಗಂಡನ ಖಾಕಿ ಅಂಗಿಯನ್ನೂ ಪ್ಯಾಂಟನ್ನೂ ಹಾಕಿಕೊಂಡು ಬರುತ್ತಿದ್ದರು. ಅವರ ಗಂಡ ಜೋಗದ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆ ಕೆಲಸಗಾರ. ಆ ಬಟ್ಟೆ ಟಾರ್ಪಾಲಿನ ಹಾಗೆ ಗಟ್ಟಿ. ಉಣುಗಿನ ಅಪ್ಪನೂ ಒಳಗೆ ಬರುವುದಿಲ್ಲ ಎನ್ನುತ್ತಿದ್ದರು.

ಗಾಳಿಯೂ ಬರುತ್ತಿರಲಿಲ್ಲ.

ಆ ವಾರ ಗಾಳಿ ಎಲ್ಲೂ ಇರಲಿಲ್ಲ. ಬೆಳಿಗ್ಗೆ ಎದ್ದಾಗಲೇ ಮೈ ಅಂಟಂಟು. ಟಿವಿಯಲ್ಲಿ ಬಿಸಿಗಾಳಿಯ ಎಚ್ಚರಿಕೆ ಬರುತ್ತಿತ್ತು. ಕಲಬುರಗಿ, ರಾಯಚೂರಿನ ಹೆಸರು ಹೇಳಿ ಹೇಳಿ ಕೊನೆಗೆ ನಮ್ಮ ಜಿಲ್ಲೆಯ ಹೆಸರೂ ಬಂದಾಗ ಹೋಟೆಲಿನಲ್ಲಿ ಕೂತಿದ್ದವರು ನಕ್ಕಿದ್ದರು. ಸೆಕೆಯನ್ನು ಬೈಯುವುದು ಬೇರೆ, ಅದಕ್ಕೆ ಹೆದರುವುದು ಬೇರೆ. ಹೆದರುವುದು ನಮಗೆ ಅಭ್ಯಾಸವಿರಲಿಲ್ಲ. ಅವತ್ತು ಬೆಳಿಗ್ಗೆ ಅಕ್ಕ, "ಎಷ್ಟ್ ದಿನ ಆಯ್ತು ತಮಾ ನಿದ್ದೆ ಮಾಡಿ. ಜಗಲಿ ಮೇಲೆ ಮಲಗಿದ್ರೂ ನೆಲನೇ ಬಿಸಿ" ಎಂದರು. ನಾನು ಹೂಂ ಎಂದೆ. ರಾತ್ರಿ ತಣಿಯದ ಮೈ ಮರುದಿನ ಬಿಸಿಲಿಗೆ ಬೀಳುವಾಗ ಅರ್ಧ ಸೋತೇ ಇರುತ್ತದೆ ಎನ್ನುವುದು ನನಗೆ ಆಗ ಹೊಳೆಯಲಿಲ್ಲ.

ಪುಡಿಯ ಜೀಪು ತಡವಾಗಿ ಬಂತು. ನಾವು ಕಾಡು ಹತ್ತುವಾಗ ಬಿಸಿಲು ಏರಿತ್ತು. ಮರದ ನೆರಳಿತ್ತು ನಿಜ, ಆದರೆ ಒಳಗೆ ಅನ್ನ ಬಸಿದ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ. ನಾನು ಎರಡು ಸಲ ನೀರಿನ ಬಾಟಲಿ ಚಾಚಿದೆ. ಎರಡೂ ಸಲ ಅಕ್ಕ ಬರೀ ತುಟಿ ಒದ್ದೆ ಮಾಡಿಕೊಂಡು ವಾಪಸು ಕೊಟ್ಟರು.

"ಕುಡೀರಿ ಅಕ್ಕ."

"ಬೇಡ ತಮಾ. ಆಮೇಲೆ ಎಲ್ಲಿಗೆ ಹೋಗ್ಲಿ? ನಿಮ್ಗಾದ್ರೆ ಮರ ಸಾಕು."

ಊರೂರು ಸುತ್ತುವ ಹೆಂಗಸರು ಎಲ್ಲರೂ ಮಾಡುವುದು ಇದನ್ನೇ. ನನಗೆ ಗೊತ್ತಿದ್ದ ವಿಷಯ. ಗೊತ್ತಿದ್ದೂ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ.

ಕಾಡಿನಿಂದ ಇಳಿದು ಎರಡು ಮನೆಗಳಲ್ಲಿ ಜ್ವರದವರ ರಕ್ತ ತೆಗೆದೆವು. ಪುಡಿಯವರು ಜೀಪಿನಲ್ಲಿ ಹೋದರು. ಗುಡ್ಡದ ತುದಿಯಲ್ಲಿ ಒಂದೇ ಮನೆ ಉಳಿದಿತ್ತು. ಅಲ್ಲಿ ಒಬ್ಬ ಅಜ್ಜಿ, ಅವರ ಮಗ. ಮಗನಿಗೆ ಒಂದು ಪಿಕಪ್ ಗಾಡಿ. ಆ ದಾರಿ ಹತ್ತುವಾಗ ಅಕ್ಕ ತಲೆ ನೋವು ಎಂದರು, ಒಮ್ಮೆ ನಿಂತು ವಾಂತಿ ಮಾಡಿದರು. ಬೆಳಿಗ್ಗೆ ತಿಂದದ್ದು ಸರಿಹೋಗಿಲ್ಲ ಎಂದು ಅವರೇ ಹೇಳಿದರು. ಅಜ್ಜಿಯ ಮನೆಯ ಜಗಲಿಯಲ್ಲಿ ಕೂತು ಸ್ವಲ್ಪ ಹೊತ್ತಿಗೆ ಆ ಪ್ರಶ್ನೆ ಕೇಳಿದ್ದು.

ಹಣೆ ಮುಟ್ಟಿದೆ. ಕಾದ ಕಾವಲಿಯ ಹತ್ತಿರ ಕೈ ಹಿಡಿದ ಹಾಗಿತ್ತು. ಥರ್ಮಾಮೀಟರ್ ಕಂಕುಳಲ್ಲಿಟ್ಟರೆ ಅಂಕಿಯೇ ಬರಲಿಲ್ಲ. ಅಳತೆ ಮೀರಿದಾಗ ತೋರಿಸುವ ಒಂದೇ ಅಕ್ಷರ ಮಿನುಗಿತು. ಕಣ್ಣು ಕೆಂಪಾಗಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಜ್ವರ, ತಲೆನೋವು, ವಾಂತಿ, ಕೆಂಪು ಕಣ್ಣು, ಮೇಲೆ ಸತ್ತ ಮಂಗ. ತೀರ್ಥಹಳ್ಳಿ, ಸಾಗರ, ಹೊಸನಗರ, ಈ ಮೂರು ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಯಾರನ್ನೇ ಕೇಳಿ, ಒಂದೇ ಉತ್ತರ ಬರುತ್ತದೆ. ನನ್ನ ತಲೆಯಲ್ಲೂ ಅದೇ ಬಂತು.

ಅಜ್ಜಿಗೆ ನಾನು ಹೇಳಬೇಕಾಗಲಿಲ್ಲ. ಅವರು ಒಳಗೆ ಹೋಗಿ ಕಂಬಳಿ ತಂದು ಅಕ್ಕನ ಮೇಲೆ ಹೊದಿಸಿದರು, ಕಾಲಿನ ಹತ್ತಿರ ಕೂತು ಅಂಚನ್ನು ಬಿಗಿಯಾಗಿ ಒಳಗೆ ಸೇರಿಸಿದರು.

"ನನ್ ಮಗ್ಳೂ ಹಿಂಗೇ ಮಾತಾಡಿದ್ಲು ಡಾಕ್ಟ್ರೇ" ಎಂದರು. "ಮಂಗನ ಕಾಯ್ಲೆಲೇ ಹೋಗಿದ್ದು. ನನ್ನೇ ನೋಡಿ ನೀ ಯಾರು ಅಂದ್ಲು."

ನಾನು ಡಾಕ್ಟರ್ ಅಲ್ಲ ಎಂದು ಅವರಿಗೆ ಎಷ್ಟೋ ಸಲ ಹೇಳಿದ್ದೆ. ಅವತ್ತು ಹೇಳಲಿಲ್ಲ. ಕಂಬಳಿಯನ್ನು ತೆಗೆಯಲೂ ಇಲ್ಲ. ಕ್ರಮದ ಪ್ರಕಾರ ಮಾದರಿ ತೆಗೆದು, ಒಂದು ಪ್ಯಾರಸಿಟಮಾಲ್ ಕೊಟ್ಟು, ಬೇಗ ಆಸ್ಪತ್ರೆಗೆ ಒಯ್ಯುವುದೆಂದು ಪೆಟ್ಟಿಗೆ ಬಿಚ್ಚಿದೆ. ತೋಳಿಗೆ ಪಟ್ಟಿ ಕಟ್ಟಲು ಖಾಕಿ ಅಂಗಿಯ ತೋಳು ಮಡಚಿದರೆ, ಒಳಗಿನ ಬಟ್ಟೆ ಹಿಂಡಬಹುದಾದಷ್ಟು ಒದ್ದೆ. ಎಣ್ಣೆ, ಬೆವರು ಎರಡೂ ಸೇರಿ ನನ್ನ ಬೆರಳು ಜಾರಿತು. ಜಾರಿ ಮಣಿಕಟ್ಟಿನ ಮೇಲೆ ನಿಂತಿತು.

ನಾಡಿ ಓಡುತ್ತಿತ್ತು. ಎಣಿಸಲು ಆಗದಷ್ಟು.

ಮಂಗನ ಕಾಯಿಲೆಯಲ್ಲಿ ಜ್ವರ ಎಷ್ಟೇ ಏರಲಿ, ನಾಡಿ ಅದಕ್ಕೆ ತಕ್ಕಷ್ಟು ಏರುವುದಿಲ್ಲ. ನಮಗೆ ತರಬೇತಿಯಲ್ಲಿ ಹೇಳಿಕೊಟ್ಟ ಗುರುತು ಅದು. ಬುದ್ಧಿ ತಪ್ಪುವುದಾದರೂ ಸಾಮಾನ್ಯವಾಗಿ ಜ್ವರ ಬಂದು ದಿನಗಳಾದ ಮೇಲೆ. ಇವರು ಬೆಳಿಗ್ಗೆ ನನ್ನನ್ನು ಆಡಿಕೊಂಡು ನಕ್ಕವರು. ಆಗ ಬಿಸಿಲಿನ ಆಘಾತ ಎಂಬ ಮಾತು ತಲೆಗೆ ಬಂತು, ಬಂದ ಕೂಡಲೇ ಹೋಯಿತು. ಅದರಲ್ಲಿ ಬೆವರು ನಿಂತು ಚರ್ಮ ಒಣಗುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದವನು. ಇವರು ತೊಯ್ದು ಹೋಗಿದ್ದಾರೆ. ನಂತರ ನಿಧಾನವಾಗಿ ಅರ್ಥವಾಯಿತು. ಬೆವರು ಬರುವುದರಿಂದ ಮೈ ತಣಿಯುವುದಿಲ್ಲ, ಬೆವರು ಆರುವುದರಿಂದ ತಣಿಯುತ್ತದೆ. ಗಾಳಿಯಿಲ್ಲದ, ನೀರಾವಿ ತುಂಬಿದ ಆ ಕಾಡಿನಲ್ಲಿ, ಆ ಬಟ್ಟೆಯೊಳಗೆ, ಅಕ್ಕನ ಬೆವರಿಗೆ ಆರಲು ಜಾಗವೇ ಇರಲಿಲ್ಲ. ದುಡಿಯುತ್ತ ಕುಸಿದವರಲ್ಲಿ ಬೆವರು ಇದ್ದೇ ಇರಬಹುದು.

ಉಣುಗಿನಿಂದ ಕಾಪಾಡಲು ನಾವೇ ತೊಡಿಸಿದ್ದು ಅವರನ್ನು ಬೇಯಿಸಿತ್ತು. ಅದರ ಮೇಲೆ ಕಂಬಳಿ.

ನಾನು ಕಂಬಳಿ ಎಳೆದು ಅಂಗಳಕ್ಕೆ ಎಸೆದೆ. ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ಅಜ್ಜಿ, ಇದು ಮಂಗನ ಕಾಯಿಲೆ ಅಲ್ಲ. ಬಿಸಿಲು. ನೀರು ಹೊಯ್ಯಬೇಕು ಇವರಿಗೆ. ತಲೆಯಿಂದ ಕಾಲಿನವರೆಗೆ."

"ಜ್ವರ ಬಂದೋರಿಗೆ ತಣ್ಣೀರಾ? ಸನ್ನಿ ಆಗಿ ಸಾಯ್ತಾಳೆ."

"ಹೊಯ್ಯದಿದ್ದರೆ ಸಾಯ್ತಾರೆ."

ಅಂಥ ಮಾತು ನನ್ನ ಬಾಯಿಂದ ಹೇಗೆ ಬಂತೋ. ಅಜ್ಜಿ ಕೈ ಬಿಡಲಿಲ್ಲ. "ಬಿಸ್ಲಿಗೆ ಯಾರಾದ್ರೂ ಸಾಯ್ತಾರಾ, ನಮ್ ಊರಲ್ಲಿ?" ಎಂದರು. ಅವರು ವಾದಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ನನಗೂ ಆ ಗಳಿಗೆಯ ತನಕ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಗ ಪಿಕಪ್ ತಿರುಗಿಸಿ ಅಂಗಳಕ್ಕೆ ತಂದಿದ್ದ. "ಸಾರ್, ಮೊದ್ಲು ಗಾಡಿಗೆ ಹಾಕನ. ನೀರು ಗೀರು ಎಲ್ಲ ಆಸ್ಪತ್ರೆಲಿ." ತೀರ್ಥಹಳ್ಳಿಗೆ ಆ ಗುಡ್ಡದಿಂದ ಮುಕ್ಕಾಲು ಗಂಟೆಯ ಮೇಲೆ ದಾರಿ. ಫೋನಿಗೆ ಸಿಗ್ನಲ್ ಇರಲಿಲ್ಲ, ಯಾರನ್ನೂ ಕೇಳುವ ಹಾಗಿರಲಿಲ್ಲ. ಗಾಡಿಗೆ ಹಾಕಿದರೆ ನನ್ನ ಕೆಲಸ ಮುಗಿದಂತೆ, ದಾರಿಯಲ್ಲಿ ಏನಾದರೂ ಆದರೆ ಯಾರೂ ನನ್ನನ್ನು ಕೇಳುವುದಿಲ್ಲ. ಅಂಗಳದಲ್ಲಿ ಇಟ್ಟುಕೊಂಡು ಏನಾದರೂ ಆದರೆ, ಜ್ವರದ ಹೆಂಗಸಿಗೆ ತಣ್ಣೀರು ಸುರಿದು ಕೊಂದವನು ನಾನು. ಆದರೆ ಆ ಬಿಸಿಯಲ್ಲಿ ಮುಕ್ಕಾಲು ಗಂಟೆ ಮಿದುಳು ಉಳಿಯುವುದಿಲ್ಲ, ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ಓದಿದ್ದರಲ್ಲಿ ಈ ಒಂದು ಸಾಲು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿತ್ತು. "ಗಾಡಿ ನಿಲ್ಲಲಿ. ಬಾವಿಯಿಂದ ನೀರು ಸೇದಿ" ಎಂದೆ.

ಅವನು ತಾಯಿಯ ಮುಖ ನೋಡಿದ. ಅಜ್ಜಿ ಅಕ್ಕನ ಮುಖ ನೋಡಿದರು. ಅಕ್ಕನ ಕೈಕಾಲು ಒಮ್ಮೆ ಸೆಟೆದು, ಹಲ್ಲು ಕಚ್ಚಿ, ಕಣ್ಣು ಮೇಲಾಯಿತು. ಅದು ನಿಂತ ಮೇಲೆ ಅಜ್ಜಿ ನನ್ನ ಕೈ ಬಿಟ್ಟು ಎದ್ದರು. "ಸೇದೋ, ಏನ್ ನೋಡ್ತಾ ನಿಂತಿದೀಯ" ಎಂದು ಮಗನಿಗೆ ಹೇಳಿ, ಒಳಗಿನಿಂದ ಎರಡು ಸೀರೆ ತಂದು ಜಗಲಿಯ ಕಂಬಗಳಿಗೆ ಕಟ್ಟಿದರು. ನನ್ನನ್ನು ಸೀರೆಯ ಆಚೆ ತಳ್ಳಿದರು. "ನೀವ್ ಹೇಳಿ, ನಾನ್ ಮಾಡ್ತೀನಿ. ಹೆಂಗ್ಸಿನ ಮೈ."

ಹಾಗೆ ನಾನು ಬೆನ್ನು ತಿರುಗಿಸಿ ನಿಂತು ಹೇಳಿದೆ. ಬೂಟು, ಕಾಲುಚೀಲ, ಖಾಕಿ ಎಲ್ಲ ತೆಗೆಯಿರಿ. ತೆಳು ಬಟ್ಟೆ ಒಂದೇ ಇರಲಿ. ಎಡಮಗ್ಗುಲಿಗೆ ಮಲಗಿಸಿ. ನೀರು ಹೊಯ್ಯುತ್ತಲೇ ಇರಿ, ನಿಲ್ಲಿಸಬೇಡಿ. ಕರೆಂಟಿರಲಿಲ್ಲ. ಅಜ್ಜಿಯ ಮಗ ನೀರು ಸೇದಿ ಕೊಡ ತುಂಬಿಸಿ ಸೀರೆಯ ಕೆಳಗಿನಿಂದ ಒಳಗೆ ದೂಡುತ್ತಿದ್ದ, ನಡುವೆ ಗೆರಸಿ ಹಿಡಿದು ಅಕ್ಕಿ ಕೇರುವ ಹಾಗೆ ಸೀರೆಯ ಸಂದಿನಿಂದ ಗಾಳಿ ಬೀಸುತ್ತಿದ್ದ. ಐಸ್ ಬೇಕು, ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ. ಫ್ರಿಜ್ ಇರಲಿಲ್ಲ. ಐಸ್ ಇದ್ದದ್ದು ನನ್ನ ಪೆಟ್ಟಿಗೆಯಲ್ಲಿ ಮಾತ್ರ, ಆಗಷ್ಟೇ ತೆಗೆದಿದ್ದ ರಕ್ತದ ಮಾದರಿಗಳ ಸುತ್ತ. ಅದನ್ನು ತೆಗೆದರೆ ಮಾದರಿಗಳು ಹಾಳು. ಆ ಎರಡು ಮನೆಗಳಲ್ಲಿ ಒಬ್ಬರಿಗಾದರೂ ನಿಜವಾದ ಮಂಗನ ಕಾಯಿಲೆ ಇದ್ದರೆ ಫಲಿತಾಂಶ ತಡವಾಗುತ್ತದೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಎರಡು ಉಸಿರಿನಷ್ಟು ಹೊತ್ತು ನಿಂತೆ. ಪ್ಯಾಕುಗಳನ್ನೆಲ್ಲ ತೆಗೆದು ಬಟ್ಟೆ ಸುತ್ತಿ ಸೀರೆಯ ಒಳಗೆ ಕೊಟ್ಟೆ.

ಆ ಅರ್ಧ ಗಂಟೆಯಲ್ಲಿ ನನಗೆ ಉಳಿದ ಕೆಲಸ ಕೇಳಿಸಿಕೊಳ್ಳುವುದು. ನೀರು ಬೀಳುವ ಸದ್ದು. ಅಜ್ಜಿಯ ಗೊಣಗಾಟ. "ಏಳೇ ತಾಯಿ. ನಿನ್ ಮಗ್ಳು ಪರೀಕ್ಷೆ ಬರೀತಾ ಇದಾಳೆ ಅಂದಿದ್ಯಲ್ಲ. ಏಳು." ನಡುವೆ ನನ್ನ ಕಡೆಗೆ, "ಉಸಿರಾಡ್ತಾಳೆ ಡಾಕ್ಟ್ರೇ. ಬೀಸೋದು ನಿಲ್ಲಿಸ್ಬೇಡ ಅನ್ನಿ ಅವ್ನಿಗೆ." ಥರ್ಮಾಮೀಟರನ್ನು ಅಜ್ಜಿಯೇ ಇಟ್ಟು ತೆಗೆದು ಸೀರೆಯ ಮೇಲಿನಿಂದ ನನಗೆ ಕೊಡುತ್ತಿದ್ದರು. ಮೂರು ಸಲ ಅದೇ ಅಕ್ಷರ ಮಿನುಗಿತು. ಮತ್ತೊಮ್ಮೆ ಕೊಟ್ಟಾಗ ಅದರಲ್ಲಿ ಅಂಕಿ ಇತ್ತು. ದೊಡ್ಡ ಅಂಕಿಯೇ, ಬೇರೆ ದಿನವಾಗಿದ್ದರೆ ನಾನು ಗಾಬರಿಯಾಗುವಂಥದು. ಅವತ್ತು ಅದನ್ನು ಅಜ್ಜಿಯ ಮಗನಿಗೂ ಎತ್ತಿ ತೋರಿಸಿದೆ.

ಇನ್ನೂ ಸ್ವಲ್ಪ ಇಳಿದ ಮೇಲೆ ಸೀರೆಯ ಒಳಗಿನಿಂದ ಅಕ್ಕನ ತೊದಲು ಮಾತು ಕೇಳಿಸಿತು.

"ಎಷ್ಟ್ ನೀರು ಹಾಳ್ ಮಾಡ್ತೀರಿ ಅಜ್ಜಿ. ಬಾವಿ ತಳ ಕಂಡದೆ."

ಅಜ್ಜಿ ಕೊಡವನ್ನು ಅಲ್ಲೇ ಇಟ್ಟು ಅಳಲು ಶುರುಮಾಡಿದರು.

ಪಿಕಪ್‌ನ ಹಿಂದೆ ಒದ್ದೆ ಗೋಣಿಯ ಮೇಲೆ ಮಲಗಿಸಿ, ಅಜ್ಜಿ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಸಿಗ್ನಲ್ ಸಿಕ್ಕ ಕಡೆ ಆಸ್ಪತ್ರೆಗೆ ಹೇಳಿ, ತಾಲ್ಲೂಕು ಆಸ್ಪತ್ರೆ ಮುಟ್ಟಿದೆವು. ಅಲ್ಲಿನ ಡಾಕ್ಟರಮ್ಮ ಎಲ್ಲ ಕೇಳಿಕೊಂಡರು, ಮಂಗನ ಕಾಯಿಲೆಗೂ ಒಂದು ಮಾದರಿ ತೆಗೆಸಿದರು, ಸಲೈನ್ ಹಾಕಿಸಿದರು. ಕಾಗದದ ಮೇಲೆ ಬಿಸಿಲಾಘಾತ ಎಂದು ಬರೆಯುವಾಗ ಪೆನ್ನು ನಿಲ್ಲಿಸಿ, "ನಮ್ ಕಡೆ ಇದನ್ನ ಬರೀತೀನಿ ಅಂದ್ಕೊಂಡಿರ್ಲಿಲ್ಲ" ಎಂದರು. "ಗಾಡಿಗೆ ಹಾಕೋ ಮುಂಚೆ ತಣಿಸಿದ್ದು ಒಳ್ಳೇದಾಯ್ತು. ಆದ್ರೆ ಈಗಲೇ ಏನೂ ಹೇಳಲ್ಲ. ಕಿಡ್ನಿ ನೋಡ್ಬೇಕು."

ಮೂತ್ರದ ಚೀಲದಲ್ಲಿ ಬಂದದ್ದು ಸ್ವಲ್ಪವೇ. ಅದೂ ಕಾಫಿ ಡಿಕಾಕ್ಷನ್ನಿನ ಬಣ್ಣ. ನಾಳೆಗೂ ಹೀಗೇ ಇದ್ದರೆ ಶಿವಮೊಗ್ಗಕ್ಕೆ ಕಳಿಸುವುದು ಎಂದಾಯಿತು.

ಸಂಜೆ ಅಕ್ಕನ ಗಂಡ ಜೋಗದಿಂದ ಸಾಗರ, ಹೊಸನಗರದ ಮೇಲೆ ಬಸ್ಸು ಬದಲಿಸಿ ಬಂದರು. ಕೆಲಸದ ಬಟ್ಟೆಯಲ್ಲೇ ಇದ್ದರು. ಹೆಂಡತಿಯ ಪಾದ ಮುಟ್ಟಿ ನೋಡಿದರು, ಬಿಸಿಯಿದೆಯೇ ಎಂದು. ಮಂಚದ ಕೆಳಗೆ ಕವರಿನಲ್ಲಿ ಸುತ್ತಿಟ್ಟಿದ್ದ ಖಾಕಿ ಅಂಗಿ ಕಂಡಿತು. ಅದನ್ನು ತೆಗೆದು ಮೂಸಿ ನೋಡಿದರು. "ದಪ್ಪ ಇದೆ, ಉಣುಗು ಹತ್ತಲ್ಲ ಅಂತ ನಾನೇ ಕೊಟ್ಟಿದ್ದು" ಎಂದರು. ನಾನು ಅವರಿಗೆ ಚಹಾ ತಂದುಕೊಟ್ಟೆ. ಅವರು ಅಂಗಿಯನ್ನು ಆಸ್ಪತ್ರೆಯ ನಲ್ಲಿಯಲ್ಲಿ ಸೋಪು ಹಚ್ಚಿ ತೊಳೆದು, ಕಿಟಕಿಯ ಸರಳಿಗೆ ಒಣಹಾಕಿ ಬಂದು ಕೂತರು.

ಮರುದಿನವೂ ಚೀಲದ ಬಣ್ಣ ಬದಲಾಗಲಿಲ್ಲ. ನಾವಿಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು. ಅದರ ಮರುದಿನ ಬೆಳಿಗ್ಗೆ ಸ್ವಲ್ಪ ತಿಳಿಯಾಗಿದೆ ಎಂದು ಅವರಿಗನಿಸಿತು, ನನಗನಿಸಲಿಲ್ಲ. ಮಧ್ಯಾಹ್ನ ನನಗೂ ಅನಿಸಿತು. ಸಂಜೆ ಡಾಕ್ಟರಮ್ಮ ಬಂದು ಚೀಲವನ್ನು ಬೆಳಕಿಗೆ ಹಿಡಿದು, "ಶಿವಮೊಗ್ಗ ಬೇಡ" ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು. ಮಂಗನ ಕಾಯಿಲೆ ಇಲ್ಲ ಎಂದು ಪರೀಕ್ಷೆಯ ಫಲಿತಾಂಶವೂ ಬಂತು.

ಅಕ್ಕ ಎದ್ದು ಕೂರುವಂತಾದ ದಿನ ಅವರ ಗಂಡ ನನ್ನನ್ನು ಕೇಳಿದರು. "ಸಾರ್, ಟಿವಿಲಿ ಎಲ್ಲದಕ್ಕೂ ಭೂಮಿ ಬಿಸಿ ಆಗದೆ ಅಂತಾರೆ. ಹಂಗಾರೆ ಇವ್ಳು ಬಿದ್ದಿದ್ದು ಅದಕ್ಕೇನಾ? ಬಿಸ್ಲು ಮುಂಚೆನೂ ಇತ್ತಲ್ಲ."

ನಾನೂ ಆ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನೇ ಓದುತ್ತಿದ್ದೆ. ಅವತ್ತಿನ ಬಿಸಿಲು ಇಷ್ಟು, ಅದರಲ್ಲಿ ಭೂಮಿಯ ಕಾವಿನ ಪಾಲು ಇಷ್ಟು ಎಂದು ನಾನು ಕೈಬೆರಳಲ್ಲಿ ಲೆಕ್ಕ ಹೇಳುವ ಹಾಗಿರಲಿಲ್ಲ. ಬಿಸಿಗಾಳಿ ತನ್ನದೇ ಕಾರಣಕ್ಕೆ ಬರುತ್ತದೆ. ಗಾಳಿ ನಿಲ್ಲುತ್ತದೆ, ಮೋಡ ಸರಿಯುತ್ತದೆ, ಬಿಸಿ ಒಂದು ಕಡೆ ಕೂತುಬಿಡುತ್ತದೆ. ಮುಂಚೆಯೂ ಹಾಗೇ ಬರುತ್ತಿತ್ತು, ಹೋಗುತ್ತಿತ್ತು. ಆದರೆ ಈಗ ಅದು ಬಂದು ಕೂರುವ ನೆಲೆಯೇ ಮೇಲೆದ್ದಿದೆ. ಹಿಂದೆ ಬರೀ ಸೆಕೆಯಾಗಿ ಕಳೆದುಹೋಗುತ್ತಿದ್ದ ದಿನ ಈಗ ಜೀವ ಹಿಂಡುವ ಗೆರೆ ದಾಟುತ್ತದೆ, ದಾಟುವ ದಿನಗಳು ಪದೇ ಪದೇ ಬರುತ್ತವೆ. ತಣಿಯದ ರಾತ್ರಿಗಳೂ ಸೇರಿವೆ ಅದರಲ್ಲಿ. ಇದನ್ನು ಹೇಳಲು ಅವರ ವಿದ್ಯುತ್ ಕೇಂದ್ರಕ್ಕೆ ನೀರು ಕೊಡುವ ಡ್ಯಾಮನ್ನೇ ಹಿಡಿದುಕೊಂಡೆ.

"ಡ್ಯಾಮ್ ಅರ್ಧ ಇದ್ದಾಗ ಒಂದು ಜೋರು ಮಳೆ ಬಂದ್ರೆ ಏನಾಗುತ್ತೆ?"

"ಎಂತ ಆಗ್ತದೆ? ಸ್ವಲ್ಪ ತುಂಬ್ತದೆ."

"ಅದೇ ಮಳೆ, ತುಂಬೋ ಹಂತದಲ್ಲಿ ಇದ್ದಾಗ ಬಂದ್ರೆ?"

"ಗೇಟ್ ಎತ್ಬೇಕು."

"ಮಳೆ ಎರಡು ಸಲನೂ ಅಷ್ಟೇ. ನೀರು ಮೊದಲೇ ಮೇಲಿತ್ತು. ಬಿಸಿಲೂ ಹಾಗೇ ಅಂದ್ಕೊಳ್ಳಿ. ಅಕ್ಕ ಬಿದ್ದಿದ್ದು ಆ ವಾರದ ಬಿಸಿಲಿಗೆ. ಆ ಬಟ್ಟೆಗೆ, ನೀರು ಕುಡಿಯದೇ ಇದ್ದಿದ್ದಕ್ಕೆ. ಆದರೆ ಕೆಳಗಿನ ಮಟ್ಟ ಎಷ್ಟೋ ವರ್ಷದಿಂದ ಏರ್ತಾ ಬಂದಿದೆ."

"ಡ್ಯಾಮಿಗೆ ಗೇಟ್ ಅದೆ ಸಾರ್. ಇದಕ್ಕೆ?"

ಇದಕ್ಕೂ ಗೇಟ್ ಇದೆ ಎಂದು ಓದಿದ್ದೆ, ಆದರೆ ಅದನ್ನು ಎತ್ತುವವರು ನಮ್ಮ ಮೂವರಿಗೂ ಸಿಗುವವರಲ್ಲ.

ಮಂಚದಿಂದ ಅಕ್ಕ ಹೇಳಿದರು. "ಇಬ್ರೂ ಡ್ಯಾಮ್ ಆಮೇಲೆ ಕಟ್ಟಿ. ನಂಗೆ ಒಂದ್ ಲೋಟ ಮಜ್ಜಿಗೆ ಕೊಡಿ."

ನಾನು ಕೆಲಸಕ್ಕೆ ಮರಳಿದೆ. ಹಾಳಾದ ಮಾದರಿಗಳನ್ನು ಮತ್ತೆ ತೆಗೆಯಲು ಆ ಎರಡು ಮನೆಗೆ ಹೋದಾಗ ಒಬ್ಬ ಮುದುಕರು ತೋಳು ಚಾಚುತ್ತ, "ಮೊನ್ನೆ ಒಯ್ದಿದ್ದು ಎಂತ ಮಾಡಿದ್ರಿ? ಕುಡಿದ್ರಾ?" ಎಂದು ಕೇಳಿದರು. ಐಸ್ ತೆಗೆದ ಕಥೆ ಹೇಳಿದೆ. "ಅವ್ಳಿಗಾದ್ರೆ ಇನ್ನೊಂದ್ ಬಾಟ್ಲಿ ತಗೊಳ್ಳಿ" ಎಂದರು. ಪುಣ್ಯಕ್ಕೆ ಆ ಇಬ್ಬರಿಗೂ ಮಂಗನ ಕಾಯಿಲೆ ಇರಲಿಲ್ಲ.

ಆರೋಗ್ಯ ಕೇಂದ್ರದ ಸಭೆಯಲ್ಲಿ ನಡೆದದ್ದನ್ನು ಹೇಳಿದಾಗ ಹಿಂದಿನ ಸಾಲಿನಿಂದ ಯಾರೋ, "ಮಲ್ನಾಡಲ್ಲಿ ಬಿಸಿಗಾಳಿ, ನಾಳೆ ರಾಯಚೂರಲ್ಲಿ ಮಂಗನ ಕಾಯ್ಲೆ" ಎಂದರು. ಕೆಲವರು ನಕ್ಕರು. ನಕ್ಕವರಲ್ಲೇ ಒಬ್ಬರು ಎದ್ದು, ತಮ್ಮ ಆಶಾ ಕಾರ್ಯಕರ್ತೆಗೂ ಕಾಡಿನಿಂದ ಇಳಿದ ಮೇಲೆ ಹೀಗೇ ತಲೆ ತಿರುಗಿತ್ತು, ರಕ್ತ ತೆಗೆದು ಮನೆಗೆ ಕಳಿಸಿದ್ದೆವು ಎಂದರು. ಕಾಡಿನ ಕೆಲಸ ಬೆಳಕು ಹರಿಯುವಾಗ ಶುರುವಾಗಿ ಬಿಸಿಲು ಏರುವ ಮೊದಲು ಮುಗಿಯಬೇಕು, ಜೀಪು ತಡವಾದರೆ ಅವತ್ತು ಕಾಡಿಲ್ಲ ಎಂದು ತೀರ್ಮಾನವಾಯಿತು. ಕಾಡಿನಿಂದ ಹೊರಗೆ ಬಂದ ಕೂಡಲೇ ಮೇಲಿನ ಬಟ್ಟೆ ತೆಗೆಯಬೇಕು. ಎಣ್ಣೆ ಮತ್ತು ತುಂಬು ತೋಳು ಬಿಡುವ ಹಾಗಿಲ್ಲ, ಆದರೆ ಬಟ್ಟೆ ತೆಳು ಹತ್ತಿಯದಾಗಲಿ. ಹೆಂಗಸರಿಗೆ ಶೌಚಾಲಯ ಕೊಡುವ ಮನೆ ಯಾವುದೆಂದು ಪ್ರತಿ ಊರಿನಲ್ಲೂ ಮೊದಲೇ ಕೇಳಿಟ್ಟುಕೊಳ್ಳಬೇಕು. ಈ ಮಾತನ್ನು ನಾನು ಹೇಳುವಾಗ ಮುಂದಿನ ಸಾಲಿನ ಹೆಂಗಸರು ತಲೆ ತಗ್ಗಿಸಿದರು. ಒಬ್ಬರು ಮಾತ್ರ, "ಈಗ ಹೊಳೀತಲ್ಲ" ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಹಗಲು ಹೀಗೆ ಕಳೆಯುತ್ತಿತ್ತು. ಮಲಗಿದರೆ ಮಾತ್ರ ಬೇರೆ. ಕಣ್ಣು ಮುಚ್ಚಿದರೆ ನಾನು ಕಂಬಳಿ ತೆಗೆಯುವುದೇ ಇಲ್ಲ. ನನ್ನ ಬೆರಳು ಜಾರುವುದಿಲ್ಲ, ರಕ್ತ ಸಲೀಸಾಗಿ ಬರುತ್ತದೆ, ಪಿಕಪ್ ಹೊರಡುತ್ತದೆ. ನಾನು ಬೆಚ್ಚಿ ಎದ್ದು ಕೂರುತ್ತಿದ್ದೆ. ಅಕ್ಕನೂ ಮನೆಗೆ ಬಂದ ಮೇಲೆ ನಿದ್ದೆ ಇಲ್ಲ ಎನ್ನುತ್ತಿದ್ದರು. ಕಣ್ಣು ಹತ್ತಿದರೆ ಯಾರೋ ಬಟ್ಟೆ ಹೊದಿಸಿದ ಹಾಗಾಗಿ ಉಸಿರು ಕಟ್ಟುತ್ತದಂತೆ. ನಾವಿಬ್ಬರೂ ಇದನ್ನು ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದೆವು, ಬೇರೆ ಯಾರಿಗೂ ಹೇಳುತ್ತಿರಲಿಲ್ಲ.

ಡಾಕ್ಟರಮ್ಮ ಒಪ್ಪಿದ ಮೇಲೆ ಅಕ್ಕ ಮೊದಲ ಸಲ ಕೆಲಸಕ್ಕೆ ಬಂದರು. ಕಾಡಿಗಲ್ಲ, ನಾಲ್ಕು ಮನೆಗೆ 'ಎಣ್ಣೆ ಹಚ್ಚಿಕೊಳ್ಳಿ' ಎಂದು ಹೇಳಿ ಬರುವ ಕೆಲಸ. ನಾನು ಪಕ್ಕದಲ್ಲೇ ನಡೆದೆ. ನಿಜ ಹೇಳಬೇಕೆಂದರೆ ಅವರನ್ನೇ ನೋಡುತ್ತ ನಡೆದೆ. ಎರಡನೇ ಮನೆಯ ಹತ್ತಿರ ಅವರು ನಿಂತರು.

"ತಮಾ, ಹಿಂಗ್ ನೋಡ್ತಾ ಇದ್ರೆ ಎಡವಿ ಬೀಳೋದು ನೀನೇ."

"ನೋಡ್ತಾ ಇಲ್ಲ ಅಕ್ಕ."

"ನಾಡಿ ಬೇಕಾ? ತಗೋ." ಕೈ ಚಾಚಿದರು. ಬೆರಳು ಇನ್ನೂ ಸ್ವಲ್ಪ ನಡುಗುತ್ತಿತ್ತು, ಲೋಟ ಹಿಡಿಯುವಾಗ ಎರಡು ಕೈ ಬೇಕಾಗುತ್ತಿತ್ತು. ಡಾಕ್ಟರಮ್ಮ ಅದು ಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದರು. ನಾನು ದಾರಿಯ ಮಧ್ಯದಲ್ಲಿ ನಿಂತು ನಿಜವಾಗಿಯೂ ನಾಡಿ ನೋಡಿದೆ. ನಿಧಾನವಾಗಿತ್ತು. ನಾಲ್ಕನೇ ಮನೆಯಲ್ಲಿ ಅವರು ಒಂದು ಚೊಂಬು ನೀರು ಕೇಳಿ ಪೂರ್ತಿ ಕುಡಿದರು, ಆ ಮನೆಯಾಕೆಗೆ ಏನೋ ಹೇಳಿ ಹಿತ್ತಿಲಿಗೆ ಹೋಗಿ ಬಂದರು. ಬಿಸಿಲು ಏರುವ ಹೊತ್ತಿಗೆ ಅವರ ಮನೆಯಂಗಳದಲ್ಲಿ ಬಿಟ್ಟು ಬಂದೆ.

ಅಂದು ಸೆಕೆ ಕಡಿಮೆಯಾಗಿರಲಿಲ್ಲ. ಮಳೆಯ ಸುದ್ದಿಯೂ ಇರಲಿಲ್ಲ. ನಾನು ಫ್ಯಾನ್ ಹಾಕಿ, ಹೊದಿಕೆ ಬದಿಗೆ ಸರಿಸಿ ಮಲಗಿದ್ದಷ್ಟೇ ನೆನಪು.

ಫೋನ್ ಸದ್ದಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕಿತ್ತು. ಅಕ್ಕ.

"ಇನ್ನೂ ಮಲ್ಗಿದ್ಯಾ?"

"ಹೂಂ. ನೀವು?"

"ನಾನೂ ಈಗ ಎದ್ದೆ ತಮಾ. ಹಾಲಿನವನು ಬಂದು ಬಾಗ್ಲು ಬಡಿದು ವಾಪಸ್ ಹೋಗಿದಾನಂತೆ. ನಂಗೆ ಗೊತ್ತೇ ಆಗ್ಲಿಲ್ಲ."